ಮಂಡಿಯ ಎಸಿಎಲ್ ಲಿಗಮೆಂಟ್ ಪೂರ್ತಿ ಹರಿದಿದೆ ಅಂತ ಎಂಆರ್‌ಐ ಹೇಳ್ತಿದೆ. ಆಪರೇಷನ್ ಮಾಡಿಸಲೇಬೇಕಾ? ಯಾವ ಗ್ರಾಫ್ಟ್ ಒಳ್ಳೇದು?

ಅಂಧೇರಿಯ ಟರ್ಫ್‌ನಲ್ಲಿ ಫುಟ್‌ಬಾಲ್, ಯಾರೂ ಡಿಕ್ಕಿ ಹೊಡೆದಿಲ್ಲ, ತಿರುಗುವಾಗ ಮಂಡಿಯೊಳಗೆ ಟಕ್ ಅಂತ ಸದ್ದು, ಎಕ್ಸ್‌ರೇ ನಾರ್ಮಲ್. ನೀವು ಬರೆದದ್ದರಲ್ಲಿ ಆಟದ ಹೆಸರು ಬದಲಿಸಿದರೆ ಅದು ನನ್ನ ಕಥೆಯೇ.

ನನ್ನದು ವಾಲಿಬಾಲ್. ಡೊಂಬಿವಲಿಯಲ್ಲಿ ನಮ್ಮ ಊರ ಕಡೆಯ ಹುಡುಗರು ಭಾನುವಾರ ಬೆಳಿಗ್ಗೆ ಸೇರಿ ಆಡ್ತೇವೆ. ಸೋತ ತಂಡ ಎಲ್ಲರಿಗೂ ತಿಂಡಿ ಕೊಡಿಸಬೇಕು, ಹಾಗಾಗಿ ಜಗಳ ಜಾಸ್ತಿ. ಸ್ಮ್ಯಾಶ್ ಹೊಡೆದು ಒಂದೇ ಕಾಲಲ್ಲಿ ಇಳಿದೆ. ಮಂಡಿ ಪಕ್ಕಕ್ಕೆ ಜಾರಿ ವಾಪಸ್ ಬಂದ ಹಾಗಾಯಿತು. ಮಧ್ಯಾಹ್ನದೊಳಗೆ ಊದಿಕೊಂಡು ಮಂಡಿಚಿಪ್ಪು ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಗಾಯವಾದ ಕೆಲವೇ ಗಂಟೆಗಳಲ್ಲಿ ಹೀಗೆ ಊದಿದರೆ ಒಳಗೆ ರಕ್ತ ತುಂಬಿದೆ ಅಂತ ಅರ್ಥ, ಅಂಥದ್ದನ್ನು ಬರೀ ಉಳುಕು ಅಂತ ಬಿಡಬಾರದು. ಎಕ್ಸ್‌ರೇ ಎಲುಬನ್ನು ತೋರಿಸುತ್ತೆ, ಲಿಗಮೆಂಟ್, ಅಂದರೆ ಎಲುಬಿಗೆ ಎಲುಬು ಕಟ್ಟುವ ಗಟ್ಟಿ ಪಟ್ಟಿ, ಅದರಲ್ಲಿ ಕಾಣೋದಿಲ್ಲ.

ನನ್ನ ಎಸಿಎಲ್ ಹರಿದಿದೆ ಅಂತ ಗೊತ್ತಾಗಿದ್ದು ಎಂಆರ್‌ಐಗೂ ಮುಂಚೆ. ಮೂಳೆ ಡಾಕ್ಟರು ಮಲಗಿಸಿ, ಮಂಡಿ ಸ್ವಲ್ಪ ಬಗ್ಗಿಸಿ, ಒಂದು ಕೈಯಲ್ಲಿ ತೊಡೆ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನ ಕಾಲನ್ನು ಮುಂದಕ್ಕೆ ಎಳೆದರು. ಒಳ್ಳೆ ಕಾಲಲ್ಲಿ ಅದು ಒಂದು ಕಡೆ ಗಕ್ಕನೆ ನಿಂತಿತು. ಪೆಟ್ಟಾದ ಕಾಲಲ್ಲಿ ನಿಲ್ಲಲೇ ಇಲ್ಲ, ಮೆತ್ತಗೆ ಮುಂದೆ ಬಂತು. ನೋಡಿದ ನನಗೇ ಅರ್ಥವಾಯಿತು. ಇದಕ್ಕೆ ಲ್ಯಾಕ್‌ಮನ್ ಟೆಸ್ಟ್ ಅಂತಾರೆ. ಆಮೇಲೆ ಮಾಡಿಸಿದ ಎಂಆರ್‌ಐ ಅದನ್ನೇ ಹೇಳಿತು, ಮೆನಿಸ್ಕಸ್ (ಮಂಡಿಯ ಎಲುಬುಗಳ ನಡುವಿನ ಮೆತ್ತೆ) ಹರಿದಿಲ್ಲ ಅಂತ ಸೇರಿಸಿತು.

ಈಗ ನಿಮ್ಮ ಪ್ರಶ್ನೆ. ಆಪರೇಷನ್ ಬೇಕಾ, ಯಾವ ಗ್ರಾಫ್ಟ್. ಗ್ರಾಫ್ಟ್ ಅಂದರೆ ಹರಿದ ಎಸಿಎಲ್ ಬದಲಿಗೆ ಹಾಕುವ ಟೆಂಡನ್, ಸ್ನಾಯುವನ್ನು ಎಲುಬಿಗೆ ಜೋಡಿಸುವ ನಾರು. ನಾನೂ ರಾತ್ರಿಯೆಲ್ಲ ಕೂತು ಇದನ್ನೇ ಓದಿದ್ದೆ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗಾ, ಮಂಡಿಚಿಪ್ಪಿನ ಕೆಳಗಿನ ಟೆಂಡನ್ನಾ ಅಂತ ಫ್ರೆಂಡ್ಸ್ ಜೊತೆ ವಾದ ಬೇರೆ. ಕೊನೆಗೆ ಹ್ಯಾಮ್‌ಸ್ಟ್ರಿಂಗ್ ಹಾಕಿದರು. ಆಪರೇಷನ್ ಚೆನ್ನಾಗೇ ಆಯಿತು. ನನ್ನ ಕಾಲು ಕೆಡಿಸಿದ್ದು ಗ್ರಾಫ್ಟ್ ಅಲ್ಲ, ದಿಂಬು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮುಲುಂಡ್‌ನಿಂದ ದೊಡ್ಡಮ್ಮ ಬಂದಿದ್ದರು. 'ಪಾಪ, ಕಾಲು ಹಾಗೆ ಚಾಚಿಕೊಂಡ್ರೆ ನೋಯಲ್ವೇನೋ' ಅಂತ ಮಂಡಿಯ ಕೆಳಗೆ ಮೆತ್ತನೆ ದಿಂಬು ಇಟ್ಟರು. ಆಹಾ, ಏನು ಸುಖ! ಮಂಡಿಯ ಕೆಳಗೆ ಏನೂ ಇಡಬೇಡಿ ಅಂತ ಫಿಸಿಯೋ ಕೊಟ್ಟ ಹಾಳೆಯಲ್ಲೇ ಇತ್ತು. ಓದಿದ್ದೆ ಕೂಡ. ನೋವಿರೋದು ನನಗೆ ತಾನೇ ಅಂತ ದಿಂಬು ತೆಗೆಯಲಿಲ್ಲ. ಹಗಲೂ ಇತ್ತು, ರಾತ್ರಿಯೂ ಇತ್ತು.

ಆ ಸುಖಕ್ಕೆ ಕಾರಣ ಇದೆ. ನೀರು ತುಂಬಿದ ಮಂಡಿ ಸ್ವಲ್ಪ ಬಗ್ಗಿದಾಗ ಒಳಗೆ ಜಾಗ ಜಾಸ್ತಿಯಾಗುತ್ತೆ, ಒತ್ತಡ ಇಳಿಯುತ್ತೆ. ಆದರೆ ಹಾಗೇ ಬಿಟ್ಟರೆ ಹಿಂಭಾಗದ ಪೊರೆ ಬಿಗಿಯುತ್ತೆ. ಮುಂದೆ, ಗ್ರಾಫ್ಟ್ ಹತ್ತಿರ, ಗಾಯ ಮಾಯುವಾಗ ಬರುವ ಗಟ್ಟಿ ಮಾಂಸ ಬೆಳೆದು ಬಾಗಿಲ ಸಂದಿಗೆ ಸಿಕ್ಕಿದ ಬಟ್ಟೆ ಥರ ಅಡ್ಡ ನಿಲ್ಲಲೂಬಹುದು. ಮಂಡಿ ನೆಟ್ಟಗಾಗದಿದ್ದರೆ ತೊಡೆಯ ಮುಂದಿನ ಸ್ನಾಯುವಿಗೆ ಪೂರ್ತಿ ಬಿಗಿಯೋಕೆ ಆಗಲ್ಲ, ಅದು ಸೊರಗುತ್ತೆ. ನಿಂತಾಗ ಬೀಗ ಹಾಕಿಕೊಳ್ಳಬೇಕಾದ ಕಾಲು ಯಾವಾಗಲೂ ಅರೆ ಬಗ್ಗಿಯೇ ಇರುತ್ತೆ. ನನಗೆ ಕೊರತೆಯಿದ್ದದ್ದು ಕೆಲವೇ ಡಿಗ್ರಿ. ಆದರೂ ಲೋಕಲ್ ಟ್ರೇನ್‌ನಲ್ಲಿ ನಿಂತರೆ ಥಾಣೆ ಬರುವಷ್ಟರಲ್ಲಿ ತೊಡೆ ಉರಿಯುತ್ತಿತ್ತು. ಸ್ಟೇಷನ್ ಬ್ರಿಜ್ ಅನ್ನು ಏಡಿ ಥರ ಅಡ್ಡಡ್ಡ ಇಳಿಯುತ್ತಿದ್ದೆ. ಮಂಡಿಚಿಪ್ಪಿನ ಹಿಂದೆ ಹೊಸ ನೋವು ಶುರುವಾಯಿತು. ಬಗ್ಗಿಸೋದು ಆಮೇಲೆ ತಾನಾಗೇ ಬಂತು. ನೆಟ್ಟಗೆ ಮಾಡೋದನ್ನು ವಾಪಸ್ ತರೋಕೆ ಪ್ರಾಣ ಹೋಯಿತು: ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್, ಮಂಡಿಯ ಕೆಳಗೆ ಬರೀ ಗಾಳಿ, ತೊಡೆ ಬಿಗಿದು ಮಂಡಿಯನ್ನು ಕೆಳಕ್ಕೆ ಒತ್ತೋದು. ಟ್ರೇನ್‌ನಲ್ಲಿ ಎದುರು ಸೀಟಿನ ಅಂಚಿಗೆ ಹಿಮ್ಮಡಿ ಇಟ್ಟು ಮಾಡಲು ಹೋಗಿ ಬೈಸಿಕೊಂಡೂ ಆಯಿತು.

ಹಾಗಾಗಿ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಬೋರಲು ಮಲಗಿ, ತೊಡೆ ಮಾತ್ರ ಹಾಸಿಗೆ ಮೇಲಿರಲಿ, ಮಂಡಿಯಿಂದ ಕೆಳಗೆ ಎರಡೂ ಕಾಲು ಅಂಚಿನಾಚೆ ಇರಲಿ. ಯಾರಾದರೂ ಹಿಂದೆ ನಿಂತು ಎರಡು ಹಿಮ್ಮಡಿಯೂ ಒಂದೇ ಎತ್ತರದಲ್ಲಿವೆಯಾ ನೋಡಲಿ. ಪೆಟ್ಟಾದ ಕಾಲಿನದು ಮೇಲಿದ್ದರೆ ಅಷ್ಟು ನೆಟ್ಟಗಾಗುತ್ತಿಲ್ಲ ಅಂತ ಲೆಕ್ಕ. ನಾಳೆಯೇ ಫಿಸಿಯೋ ಹತ್ತಿರ ಹೋಗಿ. ಕಾಲು ಒಂದು ಕಡೆ ಸಿಕ್ಕಿಕೊಂಡ ಹಾಗೆ ನಿಂತುಬಿಟ್ಟರೆ ಮಾತ್ರ ಒತ್ತಲು ಹೋಗಬೇಡಿ. ಹರಿದ ಮೆನಿಸ್ಕಸ್ ಅಡ್ಡ ಬಂದಿರಬಹುದು, ತಡ ಮಾಡದೆ ಸರ್ಜನ್‌ಗೆ ತೋರಿಸಿ.

ಇನ್ನು ಆಪರೇಷನ್. ಸ್ವೀಡನ್‌ನಲ್ಲಿ ಎಸಿಎಲ್ ಹರಿದ 121 ಜನರ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಆಪರೇಷನ್. 2 ವರ್ಷದ ನಂತರ ಎರಡೂ ಗುಂಪಿನ ಮಂಡಿಗಳು ಹೆಚ್ಚುಕಮ್ಮಿ ಒಂದೇ ಥರ ಇದ್ದವು. 5 ವರ್ಷದಲ್ಲಿ ಎರಡನೇ ಗುಂಪಿನ ಸುಮಾರು ಅರ್ಧ ಜನ ಆಪರೇಷನ್ ಮಾಡಿಸಿಕೊಂಡಿದ್ದರು. ಅಂದರೆ ಈ ವಾರವೇ ನಿರ್ಧಾರ ಮಾಡಬೇಕಾದ ಅರ್ಜೆಂಟು ನಿಮಗೂ ಬಹುಶಃ ಇಲ್ಲ, ರಿಪೋರ್ಟ್‌ನಲ್ಲಿ ಮೆನಿಸ್ಕಸ್ ಬಗ್ಗೆ ಏನಿದೆ ಅಂತ ಮಾತ್ರ ಸರ್ಜನ್ ಹತ್ತಿರ ಕೇಳಿಕೊಳ್ಳಿ. ಫುಟ್‌ಬಾಲ್‌ಗೇ ಮರಳಬೇಕು, ಮಂಡಿ ಪದೇಪದೇ ಜಾರುತ್ತಿದೆ ಅಂದರೆ ನಾನಂತೂ ಮಾಡಿಸಿಕೊಳ್ಳಿ ಅಂತೀನಿ. ಅದೂ ಊತ ಇಳಿದು, ಕಾಲು ನೆಟ್ಟಗಾಗಿ, ತೊಡೆ ಸ್ವಲ್ಪ ಗಟ್ಟಿಯಾದ ಮೇಲೆ. ಬಗ್ಗಿದ ಕಾಲನ್ನು ಟೇಬಲ್ ಮೇಲೆ ಮಲಗಿಸಿದರೆ ಬಗ್ಗಿದ ಕಾಲೇ ವಾಪಸ್ ಸಿಗುವ ಅಪಾಯ ಜಾಸ್ತಿ.

6 ತಿಂಗಳಲ್ಲಿ ಆಡಬಹುದು ಅಂತ ನಿಮ್ಮ ಫ್ರೆಂಡ್ ಹೇಳಿದ್ದನ್ನು ಬಿಟ್ಟುಬಿಡಿ. 9 ತಿಂಗಳಿಗೆ ಮುಂಚೆ ಇಂಥ ಆಟಕ್ಕೆ ಇಳಿದವರಲ್ಲಿ ಮತ್ತೆ ಗಾಯವಾಗೋದು ಜಾಸ್ತಿ. ತಿಂಗಳು ತುಂಬಿದರೂ ಸಾಲದು, ಒಂಟಿ ಕಾಲಲ್ಲಿ ಕುಪ್ಪಳಿಸಿದ ದೂರ ಮತ್ತು ತೊಡೆಯ ಬಲ ಒಳ್ಳೆ ಕಾಲಿನ ಶೇ. 90ರಷ್ಟಾದರೂ ಬರಬೇಕು ಅಂತ ಸಾಮಾನ್ಯವಾಗಿ ಕೇಳ್ತಾರೆ. ಗ್ರಾಫ್ಟ್ ಯಾವುದು ಅನ್ನೋದನ್ನು ಸರ್ಜನ್‌ಗೆ ಬಿಡಿ, ಅವರ ಕೈಗೆ ಅಭ್ಯಾಸವಿರುವುದೇ ಸಾಕು. ನೀವು ಅವರನ್ನು ಕೇಳಬೇಕಾದ ಪ್ರಶ್ನೆ, ಆಪರೇಷನ್ ಆದ ಮಾರನೇ ದಿನದಿಂದ ನನ್ನ ಮಂಡಿ ನೆಟ್ಟಗೆ ಮಾಡಿಸೋರು ಯಾರು ಅಂತ.