ಪಾಲಿಶ್ ಮಾಡಿದರೂ ಗೀರು ಮತ್ತೆ ಕಾಣುವುದೇಕೆ?

ಪ್ರಶ್ನೆ: ಕಪ್ಪು ಕಾರಿಗೆ ಪಾಲಿಶ್, ಮೇಲೆ ವ್ಯಾಕ್ಸ್ ಹಾಕಿಸಿದೆ. ಕನ್ನಡಿಯಂತಿತ್ತು. ಎರಡು ಸಲ ತೊಳೆದ ಮೇಲೆ ಸುರುಳಿ ಗೀರುಗಳು ಮತ್ತೆ ಬಂದಿವೆ. ಏನು ತಪ್ಪಾಯಿತು?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಗೀರುಗಳು ಹೋಗಿರಲೇ ಇಲ್ಲ. ಹಲವು ಪಾಲಿಶ್‌ಗಳಲ್ಲಿರುವ ಎಣ್ಣೆ ಮತ್ತು ಫಿಲ್ಲರ್ ಗೀರಿನೊಳಗೆ ಕೂತು ಅದನ್ನು ಮರೆಮಾಡುತ್ತವೆ. ತೊಳೆದಂತೆ ಅವು ಹೊರಟುಹೋಗುತ್ತವೆ. ಆದ್ದರಿಂದ ವ್ಯಾಕ್ಸ್‌ಗೆ ಮೊದಲು ಎಣ್ಣೆ ತೆಗೆದು ನೋಡಲೇಬೇಕು. ಶೇ 70ರ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಭಾಗಕ್ಕೆ ಎರಡು ಭಾಗ ಡಿಸ್ಟಿಲ್ಡ್ ವಾಟರ್ ಬೆರೆಸಿ, ನೆರಳಿನಲ್ಲಿ, ತಣ್ಣಗಿರುವ ಬಾನೆಟ್ ಮೇಲೆ ಸಿಂಪಡಿಸಿ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತದೆ ಒರೆಸಿ. ಆಮೇಲೆ ಎಲ್‌ಇಡಿ ಟಾರ್ಚನ್ನು ಓರೆಯಾಗಿ ಹಿಡಿದರೆ ಬಣ್ಣದ ನಿಜಸ್ಥಿತಿ ಕಾಣುತ್ತದೆ. ಗೀರು ಉಳಿದಿದ್ದರೆ ಅಷ್ಟು ಜಾಗಕ್ಕೆ ಮತ್ತೆ ಪಾಲಿಶ್. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಉಜ್ಜಲು ಹೋಗಬೇಡಿ. ಉಜ್ಜಿದಾಗ ಸವೆಯುವ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟೇ, ಅಂಚುಗಳಲ್ಲಿ ಇನ್ನೂ ತೆಳು.

ನಿಮ್ಮ ಕಡೆ ಕ್ವಾರಿ ಧೂಳು ಹೆಚ್ಚು. ಒಣ ಬಟ್ಟೆಯಿಂದ ಒರೆಸಿದರೆ ಹೊಸ ಗೀರು ಖಂಡಿತ, ಮೊದಲು ನೀರು ಹಾಯಿಸಿ. ಬೋರ್‌ವೆಲ್ ನೀರನ್ನು ಮಾತ್ರ ಒಣಗಲು ಬಿಡಬೇಡಿ, ಬಿಳಿ ಕಲೆ ಕೂರುತ್ತದೆ.