ಪ್ರತಿಕ್ರಿಯೆ: ಐದನೇ ದಿನಕ್ಕೇ ಎಲ್ಲ ಕ್ರಿಸ್‌ಮಸ್ ಬಿಯರೂ ಒಂದೇ ಥರ ಅನ್ನಿಸುತ್ತಿದೆ

ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದರಂತೆ ತೆರೆಯಲು 24 ಕ್ರಿಸ್‌ಮಸ್ ಬಿಯರ್ ಜೋಡಿಸಿಟ್ಟುಕೊಂಡಿದ್ದೀರಿ, ಐದನೇ ದಿನಕ್ಕೇ ಎಲ್ಲವೂ ಒಂದೇ ರುಚಿ ಅನ್ನಿಸುತ್ತಿದೆ ಎಂದಿದ್ದೀರಿ. ನೀವು ಬರೆದಿರುವುದನ್ನು ನೋಡಿದರೆ ಬಹುಶಃ ಕಾರಣ ಎರಡು: ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯುತ್ತಿದ್ದೀರಿ, ಮತ್ತು ಡಿಸೆಂಬರ್ 1ಕ್ಕೇ ಶೇ. 10 ಆಲ್ಕೋಹಾಲ್ ಇರುವ ಡೆಲಿರಿಯಂ ನೋಯೆಲ್ ಬಿಯರ್ ತೆರೆದಿದ್ದೀರಿ. ಅಷ್ಟು ಗಟ್ಟಿಯಾದದ್ದರ ಬೆನ್ನಿಗೆ ಬಂದ ಹಗುರ ಬಿಯರು ನೀರಿನಂತೆಯೇ ಅನ್ನಿಸುತ್ತದೆ.

ಉಳಿದ 19 ಬಾಟಲಿಗಳನ್ನು ಇವತ್ತೇ ಲೇಬಲ್ಲಿನ ಆಲ್ಕೋಹಾಲ್ ಪ್ರಮಾಣ ನೋಡಿ ಮತ್ತೆ ಜೋಡಿಸಿ. ಶೇ. 5.6ರ ಟ್ಯೂಬೋರ್ಗ್ ಯೂಲೆಬ್ರಿಗ್‌ನಂಥವು ಮೊದಲು, ಸೇಂಟ್ ಬರ್ನಾರ್ಡಸ್ ಕ್ರಿಸ್‌ಮಸ್ ಏಲ್ (ಶೇ. 10) ಮೂರನೇ ವಾರಕ್ಕೆ, ಶೇ. 14ರ ಸಾಮಿಕ್ಲೌಸ್ 24ಕ್ಕೆ.

ತಳದಲ್ಲಿ ಯೀಸ್ಟ್ ಇರುವ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಕಪ್ಪು ಏಲ್‌ಗಳನ್ನು (ಏಲ್ ಎಂದರೆ ಬಿಯರಿನ ಒಂದು ಬಗೆ) ಮುಕ್ಕಾಲು ಗಂಟೆ ಮೊದಲು ಹೊರಗಿಡಿ. 10–12 ಡಿಗ್ರಿಗೆ ಬಂದರೆ ಒಣದ್ರಾಕ್ಷಿ, ಸುಟ್ಟ ಸಕ್ಕರೆಯ ವಾಸನೆ ತಾನಾಗಿ ಏಳುತ್ತದೆ. ಬಾಯಿ ಕಿರಿದಾದ ಟ್ಯೂಲಿಪ್ ಗ್ಲಾಸಿಗೆ 100–150 ಮಿ.ಲೀ. ಮಾತ್ರ ಸುರಿಯಿರಿ, ಕೊನೆಯ ಒಂದು ಬೆರಳಷ್ಟು ಗಸಿ ಬಾಟಲಿಯಲ್ಲೇ ಇರಲಿ. ಮೊದಲು ಮೂಸಿ ಬರೆದುಕೊಳ್ಳಿ, ಆಮೇಲೆ ಲೇಬಲ್ ಓದಿ. ಚಕ್ಕೆ ಎಂದು ಓದಿದ ಮೇಲೆ ಮೂಗಿಗೆ ಚಕ್ಕೆಯೇ ಸಿಗುತ್ತದೆ. ಲವಂಗದ ವಾಸನೆ ಬಂತೆಂದರೆ ಲವಂಗ ಹಾಕಿದ್ದಾರೆ ಎಂದುಕೊಳ್ಳಬೇಡಿ, ಬೆಲ್ಜಿಯಂ ಯೀಸ್ಟೇ ಅದನ್ನು ಕೊಡಬಲ್ಲದು.

ಖಾರದ ಊಟವಾದ ತಕ್ಷಣ ಬೇಡ. ಶೇ. 10ರ 330 ಮಿ.ಲೀ. ಬಾಟಲಿಯಲ್ಲಿ ಸುಮಾರು 26 ಗ್ರಾಂ ಆಲ್ಕೋಹಾಲ್ ಇರುತ್ತದೆ. ದಿನಾ ಪೂರ್ತಿ ಖಾಲಿ ಮಾಡಬೇಡಿ, ದಯವಿಟ್ಟು ಇಬ್ಬರು ಮೂವರು ಹಂಚಿಕೊಳ್ಳಿ.

ಹೀಗೆ ಮಾಡಿದರೂ ಒದ್ದೆ ರಟ್ಟಿನ ವಾಸನೆ ಬಂದರೆ ಆ ಬಾಟಲಿ ಹಳತಾಗಿದೆ. ಅದನ್ನು ಚೆಲ್ಲಿ, ಮಾರನೇ ದಿನದ್ದಕ್ಕೆ ಹೋಗಿ.