ಒಡೆದ ಪಿಸ್ಟನ್ ಹೇಳುವುದನ್ನು ಮೊದಲು ಕೇಳಿ

ಪ್ರಶ್ನೆ: ನನ್ನ ಬಳಿ 2 ಲೀಟರ್ ಸಾಮರ್ಥ್ಯದ, ನಾಲ್ಕು ಸಿಲಿಂಡರ್‌ಗಳ ಟರ್ಬೊ ಪೆಟ್ರೋಲ್ ಸ್ಪೋರ್ಟ್ಸ್ ಕಾರಿದೆ. 0.8 ಬಾರ್ ಇದ್ದ ಬೂಸ್ಟನ್ನು 1.4 ಬಾರ್‌ಗೆ ಏರಿಸಿ, ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಹೊಸ ಮ್ಯಾಪ್ (ಪೆಟ್ರೋಲ್ ಮತ್ತು ಕಿಡಿಯ ಲೆಕ್ಕದ ಪಟ್ಟಿ) ಹಾಕಿಸಿದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಮತ್ತು ಪೆಟ್ರೋಲ್ ಪಂಪ್ ಹಳೆಯವೇ. ಎರಡು ವಾರಗಳ ನಂತರ ಪೂರ್ಣ ವೇಗದಲ್ಲಿದ್ದಾಗ ಎಂಜಿನ್ನಿನ ಶಕ್ತಿ ಕುಸಿದು, ನೀಲಿ ಹೊಗೆ ಬರತೊಡಗಿತು. ಕಂಪ್ರೆಷನ್ ಪರೀಕ್ಷೆಯಲ್ಲಿ ಮೂರನೆಯ ಸಿಲಿಂಡರ್ 4 ಬಾರ್ ತೋರಿಸಿತು, ಉಳಿದವು 10 ಬಾರ್ ಆಸುಪಾಸಿನಲ್ಲಿವೆ. ಬಿಚ್ಚಿದಾಗ ಆ ಪಿಸ್ಟನ್ನಿನ ಮೊದಲೆರಡು ರಿಂಗ್‌ಗಳ (ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಸಂದು ಮುಚ್ಚುವ ಬಳೆಗಳ) ನಡುವಿನ ಅಂಚು ಮುರಿದಿತ್ತು. ಆ ಒಂದು ಪಿಸ್ಟನ್ ಬದಲಿಸಿದರೆ ಸಾಕೆಂದು ಮೆಕ್ಯಾನಿಕ್ ಹೇಳುತ್ತಾರೆ, ನಾಲ್ಕನ್ನೂ ಫೋರ್ಜ್ಡ್ (ಲೋಹವನ್ನು ಒತ್ತಿ ರೂಪಿಸಿದ, ಹೆಚ್ಚು ಗಟ್ಟಿಯಾದ) ಪಿಸ್ಟನ್ ಹಾಕಿಸೆಂದು ಗೆಳೆಯರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಯಾವ ಬಿಡಿಭಾಗವನ್ನೂ ಕೊಳ್ಳುವ ಮೊದಲು ಈ ಪಿಸ್ಟನ್ ಏಕೆ ಮುರಿಯಿತು ಎಂಬುದನ್ನು ಪತ್ತೆ ಮಾಡಿ. ಕಾರಣ ಹಾಗೆಯೇ ಉಳಿದರೆ ಎಷ್ಟು ಗಟ್ಟಿಯಾದ ಪಿಸ್ಟನ್ ಹಾಕಿದರೂ ಅದೇ ಕಥೆ ಮರುಕಳಿಸುತ್ತದೆ.

ನಿಮ್ಮ ಪತ್ರದಲ್ಲೇ ಒಂದು ಬಲವಾದ ಸುಳಿವಿದೆ. ಬೂಸ್ಟ್ ಎಂದರೆ ವಾತಾವರಣದ ಒತ್ತಡದ ಮೇಲಿನ ಹೆಚ್ಚುವರಿ ಒತ್ತಡ. ಆದ್ದರಿಂದ ಎಂಜಿನ್ನಿಗೆ ಹೋಗುವ ಗಾಳಿಯ ನಿಜವಾದ ಒತ್ತಡ ಮೊದಲು ಸುಮಾರು 1.8 ಬಾರ್ ಇದ್ದುದು ಈಗ 2.4 ಬಾರ್ ಆಗಿದೆ. ಅಂದರೆ ಗಾಳಿ ಸುಮಾರು ಮೂರನೇ ಒಂದರಷ್ಟು ಹೆಚ್ಚಿತು, ಪೆಟ್ರೋಲೂ ಅಷ್ಟೇ ಹೆಚ್ಚಬೇಕಿತ್ತು. ಹಳೆಯ ಬೂಸ್ಟ್‌ನಲ್ಲಿ ಇಂಜೆಕ್ಟರ್ ಶೇ 75ರಷ್ಟು ಸಮಯ ತೆರೆದಿರುತ್ತಿತ್ತು ಎಂದುಕೊಂಡರೆ, ಈಗ ಅದು ಶೇ 100ರಷ್ಟು ಸಮಯ ತೆರೆದೇ ಇರಬೇಕಾಗುತ್ತದೆ. ಅದರಾಚೆಗೆ ಇಸಿಯು ಎಷ್ಟು ಕೇಳಿದರೂ ಪೆಟ್ರೋಲ್ ಬರುವುದಿಲ್ಲ. ಇನ್ನೊಂದು ಸಾಧ್ಯತೆಯೂ ಇದೆ: ಕಾರ್ಖಾನೆ ಅಳವಡಿಸಿದ ಒತ್ತಡದ ಸೆನ್ಸರ್‌ಗೆ 2.4 ಬಾರ್ ಅಳೆಯುವ ಸಾಮರ್ಥ್ಯ ಇಲ್ಲದಿದ್ದರೆ, ಅದು ತನ್ನ ಮಿತಿಯ ಅಂಕಿಯನ್ನೇ ತೋರಿಸುತ್ತ ನಿಲ್ಲುತ್ತದೆ, ಇಸಿಯು ಅದನ್ನೇ ನಂಬಿ ಕಡಿಮೆ ಪೆಟ್ರೋಲ್ ಕೊಡುತ್ತದೆ. ಪೂರ್ಣ ಬೂಸ್ಟ್‌ನಲ್ಲಿ ಒಂದು ಪಾಲು ಪೆಟ್ರೋಲಿಗೆ 11.5ರಿಂದ 12 ಪಾಲು ಗಾಳಿ ಇರಬೇಕಾದಲ್ಲಿ 13 ಪಾಲು ದಾಟಿದರೆ ಸಿಲಿಂಡರಿನ ಶಾಖ ಏರುತ್ತದೆ.

ಆಗ ಶುರುವಾಗುವುದೇ ನಾಕಿಂಗ್. ಸ್ಪಾರ್ಕ್ ಪ್ಲಗ್‌ನಿಂದ ಹೊರಟ ಜ್ವಾಲೆ ತಲುಪುವ ಮೊದಲೇ, ಮೂಲೆಯಲ್ಲಿ ಉಳಿದ ಮಿಶ್ರಣ ಶಾಖ ಮತ್ತು ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆ ಒತ್ತಡದ ಅಲೆ ಸುತ್ತಿಗೆಯಂತೆ ಪಿಸ್ಟನ್ನಿಗೆ ಬಡಿಯುತ್ತದೆ, ಜೊತೆಗೆ ಲೋಹವನ್ನು ಕಾಪಾಡುವ ತೆಳುವಾದ ಅನಿಲದ ಪದರವನ್ನೂ ಕಿತ್ತು ಹಾಕುತ್ತದೆ. ರಿಂಗ್ ನಡುವಿನ ಅಂಚು ಪಿಸ್ಟನ್ನಿನ ಅತಿ ದುರ್ಬಲ ಜಾಗವಾದ್ದರಿಂದ ಮೊದಲು ಮುರಿಯುವುದು ಅದೇ.

ಈಗ ಮುರಿದ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿ. ತಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳಿದ್ದರೆ ಅಥವಾ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಕರಗಿದ ಅಲ್ಯೂಮಿನಿಯಂ ಚುಕ್ಕೆಗಳಿದ್ದರೆ ನಾಕಿಂಗ್ ಖಚಿತ. ಅವು ಇಲ್ಲದಿದ್ದರೆ ಮೇಲಿನ ರಿಂಗಿನ ಎರಡು ತುದಿಗಳನ್ನು ಪರೀಕ್ಷಿಸಿ. ಅವು ಉಜ್ಜಿದಂತೆ ಹೊಳೆಯುತ್ತಿದ್ದರೆ, ಹೆಚ್ಚಿದ ಶಾಖಕ್ಕೆ ರಿಂಗ್ ಹಿಗ್ಗಿ, ತುದಿಗಳು ಒಂದಕ್ಕೊಂದು ತಾಗಿ, ಅಂಚನ್ನು ಒಡೆದಿರುವ ಸಂಭವವಿದೆ. ಈ ಎರಡನೆಯ ಕಾರಣವನ್ನು ಅನೇಕರು ನೋಡುವುದೇ ಇಲ್ಲ, ಎಲ್ಲ ತಪ್ಪನ್ನೂ ಮ್ಯಾಪ್‌ನ ತಲೆಗೆ ಕಟ್ಟುತ್ತಾರೆ. ಮೂರನೆಯ ಸಿಲಿಂಡರಿನ ಪಿಸ್ಟನ್ನೇ ಏಕೆ ಮುರಿಯಿತು ಎಂಬ ಪ್ರಶ್ನೆಗೆ ನಾಲ್ಕೂ ಇಂಜೆಕ್ಟರ್‌ಗಳನ್ನು ಹರಿವಿನ ಪರೀಕ್ಷೆಗೆ ಕೊಟ್ಟರೆ ಉತ್ತರ ಸಿಗಬಹುದು.

ಇನ್ನು ಪಿಸ್ಟನ್ ವಿಷಯ. ಒಂದನ್ನೇ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಉಳಿದ ಮೂರೂ ಅದೇ ಹೊಡೆತವನ್ನು ಸಹಿಸಿವೆ, ಕಣ್ಣಿಗೆ ಕಾಣದ ಬಿರುಕು ಅವುಗಳಲ್ಲೂ ಇರಬಹುದು. 1.4 ಬಾರ್ ಉಳಿಸಿಕೊಳ್ಳುವುದಾದರೆ ನಿಮ್ಮ ಗೆಳೆಯರ ಸಲಹೆ ಸರಿ. ಆದರೆ ಫೋರ್ಜ್ಡ್ ಪಿಸ್ಟನ್ ನಾಕಿಂಗನ್ನು ನಿಲ್ಲಿಸುವುದಿಲ್ಲ, ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ ಅಷ್ಟೆ. ಅದು ಬಿಸಿಯಾದಾಗ ಸಾಮಾನ್ಯ ಪಿಸ್ಟನ್ನಿಗಿಂತ ಹೆಚ್ಚು ಹಿಗ್ಗುವುದರಿಂದ ಸಿಲಿಂಡರ್ ಗೋಡೆಯಿಂದ ಅಂತರವೂ ಹೆಚ್ಚು ಬೇಕು. ಹಾಗಾಗಿ ಪಿಸ್ಟನ್‌ಗಳು ಕೈಗೆ ಬಂದ ಮೇಲೆ, ಅವನ್ನು ಅಳೆದು, ತಯಾರಕರು ಸೂಚಿಸಿದ ಅಂತರಕ್ಕೆ ಬ್ಲಾಕನ್ನು ಬೋರಿಂಗ್ (ಸಿಲಿಂಡರನ್ನು ಕೊರೆದು ಅಗಲಿಸುವುದು) ಮತ್ತು ಹೋನಿಂಗ್ (ಒಳಗೋಡೆಯನ್ನು ಉಜ್ಜಿ ಸೂಕ್ಷ್ಮ ಗೆರೆ ಮೂಡಿಸುವುದು) ಮಾಡಿಸಿ. ಹೋನಿಂಗ್ ವೇಳೆ ಟಾರ್ಕ್ ಪ್ಲೇಟ್ (ಸಿಲಿಂಡರ್ ಹೆಡ್‌ನ ಬದಲಿಗೆ ಬ್ಲಾಕಿಗೆ ಬಿಗಿಯುವ ದಪ್ಪ ತಟ್ಟೆ) ಬಿಗಿದಿರಲಿ, ಏಕೆಂದರೆ ಹೆಡ್ ಬೋಲ್ಟ್‌ಗಳು ಬಿಗಿದಾಗ ಬೋರ್ (ಸಿಲಿಂಡರಿನ ರಂಧ್ರ) ತುಸು ಸೊಟ್ಟಗಾಗುತ್ತದೆ. ರಿಂಗ್ ತುದಿಗಳ ಅಂತರಕ್ಕೆ ಟರ್ಬೊ ಎಂಜಿನ್ನಿನಲ್ಲಿ ಬೋರ್‌ನ ವ್ಯಾಸದ ಸಾವಿರದಲ್ಲಿ ಐದು ಪಾಲು ಎಂಬುದು ಒಳ್ಳೆಯ ಆರಂಭದ ಲೆಕ್ಕ: 86 ಮಿಲಿಮೀಟರ್ ಬೋರ್‌ಗೆ 0.43 ಮಿಲಿಮೀಟರ್.

ಮುರಿದ ಚೂರುಗಳು ಎಲ್ಲಿ ಹೋದವು ಎಂಬುದನ್ನೂ ಹುಡುಕಿ. ಆಯಿಲ್‌ಗೆ ಸೇರಿದ ಲೋಹದ ಪುಡಿ ಬೇರಿಂಗ್‌ಗಳನ್ನು ಗೀರುತ್ತದೆ, ಆಯಿಲ್ ಕೂಲರಿನ ಕೊಳವೆಗಳಲ್ಲಿ ಅಡಗುತ್ತದೆ. ಕೂಲರನ್ನು ಎಷ್ಟು ತೊಳೆದರೂ ಪೂರ್ತಿ ಶುದ್ಧವಾಯಿತೆಂದು ನಂಬುವಂತಿಲ್ಲ, ಹೊಸದನ್ನೇ ಹಾಕಿ. ಎಕ್ಸಾಸ್ಟ್ ಮೂಲಕ ಹೊರಟ ಚೂರು ಟರ್ಬೊ ಚಕ್ರದ ರೆಕ್ಕೆಗಳಿಗೆ ಬಡಿದಿದೆಯೇ ನೋಡಿ.

ಪ್ರಶ್ನೆ: ಮರುಜೋಡಿಸಿದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಬಹಳ ಮೆಲ್ಲಗೆ ಓಡಿಸಬೇಕೆನ್ನುತ್ತಾರೆ. ಇದು ಸರಿಯೇ?

ಉತ್ತರ: ಪೂರ್ತಿ ಸರಿಯಲ್ಲ. ರಿಂಗ್‌ಗಳನ್ನು ಗೋಡೆಗೆ ಒತ್ತುವುದು ಸಿಲಿಂಡರಿನೊಳಗಿನ ಅನಿಲದ ಒತ್ತಡವೇ. ಮೆಲ್ಲಗೆ ಓಡಿಸಿದರೆ ಆ ಒತ್ತಡ ಸಾಲದೆ, ರಿಂಗ್ ಕೂರುವ ಮೊದಲೇ ಹೋನಿಂಗ್‌ನ ಸೂಕ್ಷ್ಮ ಗೆರೆಗಳು ನುಣುಪಾಗಿಬಿಡುತ್ತವೆ. ಮೊದಲು ಪ್ಲಗ್‌ಗಳನ್ನು ತೆಗೆದು, ಪೆಟ್ರೋಲ್ ಸರಬರಾಜು ನಿಲ್ಲಿಸಿ, ಆಯಿಲ್ ಒತ್ತಡ ಬರುವವರೆಗೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ. ಖನಿಜ ಆಯಿಲ್ ಬಳಸಿ, ಐಡಲ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಿಸದೆ, ಕಡಿಮೆ ಬೂಸ್ಟ್‌ನಲ್ಲಿ ಮಧ್ಯಮ ಭಾರ ಕೊಟ್ಟು ಬಿಡುತ್ತ, ಮತ್ತೆ ಕೊಡುತ್ತ ಓಡಿಸಿ. ಈ ಮೊದಲ ಓಟಕ್ಕೂ ಹಳೆಯ ಮ್ಯಾಪ್ ಬೇಡ. ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಅಳವಡಿಸಿ, ಗಾಳಿ-ಪೆಟ್ರೋಲ್ ಪ್ರಮಾಣವನ್ನು ಕಣ್ಣಾರೆ ನೋಡುತ್ತ ಹೊಸ ಮ್ಯಾಪ್ ಕಟ್ಟಿಸಿ. ಮೊದಲ ಆಯಿಲನ್ನು ಬೇಗ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿ. ಬೂದಿಯಂಥ ನುಣ್ಣನೆಯ ಪುಡಿ ಸಹಜ. ಉಗುರಿಗೆ ತಾಗುವಂಥ ಹೊಳೆಯುವ ಚೂರು ಕಂಡರೆ ಎಂಜಿನ್ನನ್ನು ಮತ್ತೆ ಚಾಲೂ ಮಾಡದೆ ಬೇರಿಂಗ್‌ಗಳನ್ನು ಬಿಚ್ಚಿ ನೋಡಿಸಿ.